ವಿಜಯಪುರದ ಕೆರೆಯಲ್ಲಿ ಸಮುದ್ರದ ದೋಣಿ

ಹೆಣ್ಣು ನೋಡಲು ಬರುವವರ ಮುಂದೆ ಬಾಯಿ ಮುಚ್ಚಿಕೊಂಡಿರಬೇಕು ಎಂದು ರುಕ್ಮಿಣಮ್ಮ ಗಂಡನಿಗೆ ಬೆಳಗ್ಗೆಯಿಂದ ಹೇಳುತ್ತಲೇ ಇದ್ದರು. ಪಿಳ್ಳಪ್ಪನವರು ಮುಚ್ಚಿಕೊಂಡೂ ಇದ್ದರು, ಉಪ್ಪಿಟ್ಟು ಮುಗಿಯುವವರೆಗೆ. ಕಾಫಿ ಬರುವ ಹೊತ್ತಿಗೆ ಬಾಯಿ ಬಿಟ್ಟರು. ಆಮೇಲೆ ಅದು ಮುಚ್ಚುವಷ್ಟರಲ್ಲಿ ಊರಿನ ಅರ್ಧದಷ್ಟು ಎತ್ತುಗಳು ಸುಸ್ತಾಗಿದ್ದವು.

ಪಿಳ್ಳಪ್ಪನವರು ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆಯುವ ಶೆಡ್ ಇಟ್ಟುಕೊಂಡಿದ್ದರು. ಬಿಸಿನೀರಿನಲ್ಲಿ ಬೇಯುವ ಗೂಡಿನಿಂದ ಕಣ್ಣಿಗೆ ಕಾಣದ ಒಂದು ಎಳೆ ಹಿಡಿದು ಎಳೆದರೆ ಅದು ಫರ್ಲಾಂಗುಗಟ್ಟಲೆ ಬರುತ್ತದೆ. ಮಾತಿನಲ್ಲೂ ಅವರದು ಅದೇ ಕಸುಬು. ಮಗಳು ಗಂಗಲಕ್ಷ್ಮಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಅವಳನ್ನು ನೋಡಲು ಬಂದವರು ದೊಡ್ಡಬಳ್ಳಾಪುರದ ಕಡೆಯ ಅಪ್ಪಯ್ಯಣ್ಣನವರು. ಅವರಿಗೆ ಹೊಲವಿತ್ತು, ತೋಟವಿತ್ತು, ದಪ್ಪ ಮೀಸೆಯಿತ್ತು, ನೌಕಾಪಡೆಯಲ್ಲಿ ಒಬ್ಬ ಮಗನಿದ್ದ. ಮಗ ಮುನಿರಾಮು ಕೊಚ್ಚಿಯಲ್ಲಿದ್ದುದರಿಂದ ಅವನ ಪರವಾಗಿ ಅವನ ಫೋಟೋ ಬಂದಿತ್ತು. ಬಿಳಿ ಬಟ್ಟೆ, ಬಿಳಿ ಟೋಪಿ, ಬೆನ್ನ ಹಿಂದೆ ಬೂದಿ ಬಣ್ಣದ ಹಡಗು.

"ನಮ್ ಹುಡ್ಗ ಕೂತ್ರೂ ಸಮುದ್ರ, ನಿಂತ್ರೂ ಸಮುದ್ರ," ಎಂದರು ಅಪ್ಪಯ್ಯಣ್ಣನವರು, ಫೋಟೋವನ್ನು ಎಲ್ಲರಿಗೂ ಕಾಣುವಂತೆ ತಿರುಗಿಸುತ್ತಾ. "ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ. ನೀವು ಕೆರೆ ನೋಡ್ಕೊಂಡು ಬೆಳೆದೋರು."

ಅಪ್ಪಯ್ಯಣ್ಣನವರು ಬೆಳೆದದ್ದೂ ಕೆರೆ ನೋಡಿಕೊಂಡೇ. ಆದರೆ ಪಿಳ್ಳಪ್ಪನವರಿಗೆ ಆ ಕ್ಷಣದಲ್ಲಿ ಅದು ಹೊಳೆಯಲಿಲ್ಲ. ಹೊಳೆದದ್ದು ಬೇರೆ. ಬೆಳಗ್ಗೆ ಗಂಗಲಕ್ಷ್ಮಿ ಇಂಗ್ಲಿಷ್ ಪೇಪರಿನಲ್ಲಿ ಒಂದು ಜಾಹೀರಾತು ಓದಿ ನಕ್ಕಿದ್ದಳು. ವೈಟ್‌ಫೀಲ್ಡಿನಲ್ಲಿ ಯಾರೋ ಒಬ್ಬರು ಸಮುದ್ರಯಾನಕ್ಕೆ ಯೋಗ್ಯವಾದ ಸಣ್ಣ ಹಾಯಿದೋಣಿ ಮಾರುತ್ತಿದ್ದಾರಂತೆ.

"ಗೊತ್ತಾಗದೆ ಏನು," ಎಂದರು ಪಿಳ್ಳಪ್ಪನವರು ಕಾಫಿ ಆರಿಸುತ್ತಾ. "ನಾನೂ ಒಂದು ದೋಣಿ ತಗೊಳೋಣ ಅಂತ ಇದೀನಿ. ಸಣ್ಣದು. ಹಾಯಿ ದೋಣಿ. ಸಮುದ್ರಕ್ಕೆ ಹೋಗೋ ಅಂಥದು."

ಒಳಗೆ ರುಕ್ಮಿಣಮ್ಮನವರ ಕೈಯಿಂದ ಸೌಟು ಬಿತ್ತು. ಅಪ್ಪಯ್ಯಣ್ಣನವರು ಪಿಳ್ಳಪ್ಪನವರನ್ನು ನೋಡಿದರು, ಫೋಟೋ ನೋಡಿದರು, ಹುಡುಗಿಯನ್ನು ನೋಡಿದರು. ಆ ಕಾಲದಲ್ಲಿ ಹೆಣ್ಣಿನ ಕಡೆಯವರು ಅಳಿಯನಿಗೆ ಕೈಗಡಿಯಾರ ಕೊಡುತ್ತಿದ್ದರು, ಉಳ್ಳವರು ಸ್ಕೂಟರ್ ಕೊಡುತ್ತಿದ್ದರು. ಮದುವೆಗೆ ಬಂದ ಮಗಳನ್ನು ಎದುರಿಗೆ ಕೂರಿಸಿಕೊಂಡು, ನೌಕಾಪಡೆಯ ವರನ ತಂದೆಗೆ, ದೋಣಿ ತೆಗೆದುಕೊಳ್ಳುತ್ತಿದ್ದೇನೆ ಎಂದು ಒಬ್ಬ ಮನುಷ್ಯ ಹೇಳಿದರೆ ಅದಕ್ಕೆ ಎಷ್ಟು ಅರ್ಥವಿರಲು ಸಾಧ್ಯ?

"ಹುಡುಗಿ ನಮಗೆ ಒಪ್ಪಿಗೆ," ಎಂದರು ಅಪ್ಪಯ್ಯಣ್ಣನವರು. ಎಲೆಅಡಿಕೆ ಹಾಕಿಕೊಳ್ಳುವುದಕ್ಕೂ ನಿಲ್ಲದೆ ಬಸ್ಸಿಗೆ ಹೊರಟರು. ಅಂಥ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಪರಸ್ಥಳದಲ್ಲಿ ಕೂರುವುದು ಕಷ್ಟ.

ವಾರ ಕಳೆಯುವುದರೊಳಗೆ ಪಕ್ಕದ ಮನೆಯ ಪಾಪಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. ಅವಳ ತಂಗಿಯನ್ನು ದೊಡ್ಡಬಳ್ಳಾಪುರಕ್ಕೆ ಕೊಟ್ಟಿತ್ತು.

"ರುಕ್ಮಿಣಕ್ಕ, ಅಳಿಯಂಗೆ ಹಡಗು ಕೊಡ್ತೀರಂತೆ. ನಮ್ ತಂಗಿ ಹೇಳಿದ್ಲು. ಆ ಊರಲ್ಲಿ ಎಲ್ಲಾ ಅದೇ ಮಾತಂತೆ."

ರುಕ್ಮಿಣಮ್ಮ ಗಂಡನ ಕಡೆ ತಿರುಗಿದರು. "ಈಗ ಹೋಗಿ ಇಲ್ಲ ಅಂತ ಹೇಳಿ ಬನ್ನಿ."

"ಹೇಳಿದ್ರೆ ಸಂಬಂಧ ಮುರಿಯುತ್ತೆ."

"ಹೇಳ್ದಿದ್ರೆ?"

"ದೋಣಿ ತರಬೇಕಾಗುತ್ತೆ," ಎಂದರು ಪಿಳ್ಳಪ್ಪನವರು. ಎರಡನ್ನೂ ತೂಗಿ ನೋಡಿದಾಗ ಅವರಿಗೆ ದೋಣಿಯೇ ಹಗುರವೆಂದು ಕಂಡಿತು. ಆವರೆಗೂ ಅವರು ಅದನ್ನು ನೋಡಿರಲಿಲ್ಲ.

ಪಿಳ್ಳಪ್ಪನವರು ಜೀವನದಲ್ಲಿ ಕೊಂಡ ದೊಡ್ಡ ವಸ್ತುಗಳೆಲ್ಲ ಎತ್ತುಗಳೇ. ಆದ್ದರಿಂದ ದೋಣಿ ಆರಿಸಲು ಎತ್ತಿನ ದಳ್ಳಾಳಿ ಆಂಜಿನಪ್ಪನನ್ನು ಕರೆದುಕೊಂಡರು. ಇಂಗ್ಲಿಷಿಗೆ ಮಗಳನ್ನು ಕರೆದುಕೊಂಡರು. ಮೂವರೂ ಹೊಸಕೋಟೆಯಲ್ಲಿ ಬಸ್ಸು ಬದಲಿಸಿಕೊಂಡು ವೈಟ್‌ಫೀಲ್ಡ್ ತಲುಪಿದರು.

ಮಾರುವವರು ರಿಬೇರೊ ಎಂಬ ಆಂಗ್ಲೋ ಇಂಡಿಯನ್ ಮುದುಕರು. ಹಡಗುಗಳಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಮೇಲೆ, ಒಬ್ಬರೇ ಸಿಂಹಳದವರೆಗೆ ಹೋಗಿ ಬರಬೇಕೆಂದು ತಮ್ಮ ಮಾವಿನ ಮರದ ಕೆಳಗೆ ಕೈಯಾರೆ ದೋಣಿ ಕಟ್ಟಿದ್ದರು. ಕಟ್ಟಿ ಮುಗಿಯುವ ಹೊತ್ತಿಗೆ ಮಂಡಿ ಕೈಕೊಟ್ಟಿತ್ತು. ಈಗ ಅದರೊಳಗೆ ಕೋಳಿಗಳು ಮೊಟ್ಟೆ ಇಡುತ್ತಿದ್ದವು.

ಆಂಜಿನಪ್ಪ ದೋಣಿಯನ್ನು ಒಂದು ಸುತ್ತು ಬಂದ. ಹೊಟ್ಟೆ ತಟ್ಟಿದ. ಸುಳಿ ಇದೆಯೇ ಎಂದು ಬಗ್ಗಿ ನೋಡಿದ. ಮುಂಭಾಗಕ್ಕೆ ಹೋಗಿ ಸ್ವಲ್ಪ ಹೊತ್ತು ನಿಂತ.

"ಹಲ್ಲಿಲ್ಲ. ವಯಸ್ಸು ಹೇಳಕ್ಕಾಗಲ್ಲ," ಎಂದ. ಆಮೇಲೆ ದೋಣಿಯ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ಇಳಿಬಿದ್ದಿದ್ದ ದಪ್ಪ ಹಲಗೆಯನ್ನು ಕಂಡು ದನಿ ತಗ್ಗಿಸಿದ. "ಪಿಳ್ಳಪ್ಪಣ್ಣ, ಇದು ಹೋರಿ ಕಣಣ್ಣ."

"ಅದು ಸೀಸ," ಎಂದರು ರಿಬೇರೊ. ಅವರ ಕನ್ನಡ ದಂಡು ಪ್ರದೇಶದ್ದು. "ಗಾಳಿ ತಳ್ಳಿದ್ರೆ ಬೋಟು ಮಲಗ್ತದೆ. ಸೀಸ ಕೆಳಗೆ ಎಳೀತದೆ, ತಿರ್ಗಾ ಎದ್ದು ನಿಲ್ತದೆ. ಸೀಸ ಇಲ್ದೆ ದೂರ ಸಮುದ್ರಕ್ಕೆ ಹೋಗೋನು ಹುಚ್ಚ. ಬಹಳ ದೊಡ್ಡ ಬೋಟು ತಗೊಳೋನೂ ಹುಚ್ಚ. ಒಬ್ಬ ಮನುಷ್ಯ ಹಾಯಿ ಏರಿಸ್ಬೇಕು, ಇಳಿಸ್ಬೇಕು, ಗಂಜಿ ಕಾಯಿಸ್ಬೇಕು, ನಿದ್ದೆ ಮಾಡ್ಬೇಕು. ಅಷ್ಟೇ ಸೈಜು ಸಾಕು."

"ಒಂಟೆತ್ತಿನ ಗಾಡಿ," ಎಂದು ಆಂಜಿನಪ್ಪ ತಲೆದೂಗಿದ.

ರಿಬೇರೊ ಪಿಳ್ಳಪ್ಪನವರನ್ನು ಪರೀಕ್ಷಿಸುವ ಕಣ್ಣಿನಿಂದ ನೋಡಿದರು. ಕೈಯಾರೆ ಕಟ್ಟಿದ್ದನ್ನು ದಾರಿಹೋಕರಿಗೆ ಕೊಡುವವರಲ್ಲ ಅವರು. "ಸಮುದ್ರದಲ್ಲಿದೀರಿ. ಗಾಳಿ ಜಾಸ್ತಿ ಆಗಬಹುದು ಅಂತ ಅನುಮಾನ ಬಂತು. ಏನು ಮಾಡ್ತೀರಿ?"

"ಮನೆಗೆ ಹೋಗ್ತೀನಿ," ಎಂದರು ಪಿಳ್ಳಪ್ಪನವರು.

ರಿಬೇರೊ ಕನ್ನಡಕ ತೆಗೆದು ಒರೆಸಿಕೊಂಡರು. "ಬಂದೋರೆಲ್ಲ ಧೈರ್ಯದ ಮಾತಾಡಿ ಹೋದ್ರು. ಸರಿಯಾದ ಉತ್ತರ ಹೇಳಿದೋರು ನೀವೊಬ್ರೇ."

ತಾವು ಏನೋ ದೊಡ್ಡದನ್ನು ಹೇಳಿದ್ದೇವೆಂದು ಪಿಳ್ಳಪ್ಪನವರಿಗೆ ತಿಳಿಯಿತು. ಏನೆಂದು ತಿಳಿಯದಿದ್ದುದರಿಂದ ಗಂಭೀರವಾಗಿ ಮಾವಿನ ಮರ ನೋಡಿದರು.

ಆಗ ಗಂಗಲಕ್ಷ್ಮಿ ಕೇಳಿದಳು: "ಗಾಳಿ ಎದುರಿಂದಾನೇ ಬಂದ್ರೆ ಹಾಯಿ ದೋಣಿ ಹೇಗೆ ಸಾರ್ ಮುಂದೆ ಹೋಗುತ್ತೆ?"

ಮುದುಕರ ಮುಖ ಅರಳಿತು. ಊರುಗೋಲಿನಿಂದ ನೆಲದ ಮೇಲೆ ಅಂಕುಡೊಂಕು ಗೆರೆ ಎಳೆದರು. ಎದುರುಗಾಳಿಗೆ ನೇರ ಹೋಗಲಾಗದು, ಓರೆಯಾಗಿ ಬಲಕ್ಕೆ ಹೋಗು, ಓರೆಯಾಗಿ ಎಡಕ್ಕೆ ಹೋಗು, ಪ್ರತಿ ಸಲವೂ ಸ್ವಲ್ಪ ಮುಂದೆ. ಒಳಗಿನಿಂದ ಒಂದು ದಪ್ಪ ಪುಸ್ತಕ ತಂದು ಅವಳ ಕೈಗೆ ಕೊಟ್ಟರು. ಇಬ್ಬರೂ ನೆಲದ ಮೇಲೇ ಕೂತುಬಿಟ್ಟರು.

ವ್ಯಾಪಾರದ ಹೊತ್ತು ಬಂತೆಂದು ಆಂಜಿನಪ್ಪ ಟವಲ್ ತೆಗೆದು ರಿಬೇರೊ ಅವರ ಕೈಯ ಮೇಲೆ ಹೊದಿಸಿ, ಸಂತೆಯಲ್ಲಿ ಎತ್ತಿನ ಬೆಲೆ ಹೇಳುವಂತೆ ಅದರಡಿಯಲ್ಲಿ ಎರಡು ಬೆರಳು ಹಿಡಿದ. ರಿಬೇರೊ ಬೆಚ್ಚಿಬಿದ್ದರು. ಆಮೇಲೆ ಇದು ಈ ಕಡೆಯವರ ಮರ್ಯಾದೆ ಇರಬೇಕೆಂದುಕೊಂಡು ಆಂಜಿನಪ್ಪನ ಕೈಯನ್ನು ಇಡಿಯಾಗಿ ಹಿಡಿದು ಜೋರಾಗಿ ಕುಲುಕಿದರು, ಕುಲುಕುತ್ತಲೇ ಹೋದರು. ಆಂಜಿನಪ್ಪನ ಮುಖದ ಬಣ್ಣ ಇಳಿಯಿತು.

"ಅಣ್ಣ, ಏಳು ಹೋಗೋಣ," ಎಂದ. "ಇವರು ಅರಮನೆ ರೇಟು ಹೇಳ್ತಾ ಇದಾರೆ."

ಗಂಗಲಕ್ಷ್ಮಿ ಇಬ್ಬರಿಗೂ ಇಬ್ಬರ ಕೈಯ ಅರ್ಥ ಬಿಡಿಸಿ ಹೇಳಿದಳು. ಕೊನೆಗೆ ದೋಣಿ ಹೋದದ್ದು ರಿಬೇರೊ ಅವರ ಹೆಂಡತಿಗೆ ಒಂದೆರಡು ರೇಷ್ಮೆ ಸೀರೆ ಮತ್ತು ಪಿಳ್ಳಪ್ಪನವರ ಒಂದು ಮಾತಿಗೆ. ಈ ದೋಣಿ ಒಂದಲ್ಲ ಒಂದು ದಿನ ಸಮುದ್ರ ಮುಟ್ಟಬೇಕು. ಮುಟ್ಟಿಸುತ್ತೇನೆ ಎಂದು ಪಿಳ್ಳಪ್ಪನವರು ಮಾತು ಕೊಟ್ಟರು. ಮಾತು ಕೊಡುವುದು ಅವರಿಗೆ ಎಂದೂ ಕಷ್ಟವಾದದ್ದಿಲ್ಲ.

ದೋಣಿ ಲಾರಿಯಲ್ಲಿ ವಿಜಯಪುರಕ್ಕೆ ಬಂತು. ಅಡಿಯ ಸೀಸದಿಂದಾಗಿ ಅದು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಯ ಮುಂದೆ ಎರಡೂ ಕಡೆ ಕಲ್ಲು ಚಪ್ಪಡಿ ಆನಿಸಿ ನಿಲ್ಲಿಸಿದಾಗ, ಮನೆಗಿಂತ ದೋಣಿಯೇ ಎತ್ತರವಾಗಿ ಕಂಡಿತು. ಮಾರನೆಯ ದಿನವೇ ಪುರಸಭೆಯ ಬಿಲ್ ಕಲೆಕ್ಟರ್ ಲಕ್ಷ್ಮಯ್ಯ ಬಂದು ಏಣಿ ಹತ್ತಿ ಒಳಗೆ ಇಣುಕಿದ.

"ಬಾಗಿಲಿದೆ, ಕಿಟಕಿ ಇದೆ, ಮಲಗೋಕೆ ಮಂಚ ಇದೆ, ಒಲೆ ಇದೆ. ಇದು ಮನೆ ಪಿಳ್ಳಪ್ಪೋರೆ. ಕಂದಾಯ ಹಾಕ್ಬೇಕು."

"ಇದು ವಾಹನ ಕಣಪ್ಪಾ."

"ಚಕ್ರ ಎಲ್ಲಿ?"

"ನೀರಲ್ಲಿ ಚಕ್ರ ಯಾಕಪ್ಪಾ ಬೇಕು?"

"ಈಗ ನೀರಲ್ಲಿಲ್ವಲ್ಲ. ಬೀದೀಲಿದೆ. ಬೀದೀಲಿ ಚಕ್ರ ಇಲ್ದೆ ನಿಂತಿರೋದೆಲ್ಲ ನಮ್ಮ ಕಾನೂನಲ್ಲಿ ಕಟ್ಟಡಾನೇ," ಎಂದು ಲಕ್ಷ್ಮಯ್ಯ ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದ.

ಇದಕ್ಕಿಂತ ದೊಡ್ಡ ಕೆಲಸವನ್ನು ಪಾಪಮ್ಮ ಮಾಡಿದಳು. ಆ ವರ್ಷ ಮಳೆ ಜೋರಾಗಿ ಕೆರೆ ತುಂಬಿತ್ತು. ನೀರಿಗೆ ಹೋದ ಕಡೆ ಅವಳು ಹೇಳಿದ್ದು ಇಷ್ಟೇ: "ಪಿಳ್ಳಪ್ಪ ಸುಮ್ಸುಮ್ನೆ ದೋಣಿ ತರೋ ಮನುಷ್ಯ ಅಲ್ಲ. ಏನೋ ಗೊತ್ತಾಗಿರ್ಬೇಕು." ಅಂದೇ ಕೆರೆಯ ಕೆಳಗಿನ ಬೀದಿಯವರು ರಾಗಿ ಮೂಟೆಗಳನ್ನು ಮೇಲಿನ ಬೀದಿಯ ನೆಂಟರ ಮನೆಗೆ ಸಾಗಿಸತೊಡಗಿದರು. ಸಂಜೆ ವೇಳೆಗೆ ಕೋಳಿ, ಕುರಿ, ಬಾಣಂತಿಯರೂ ಸಾಗಿದರು. ತಾಲ್ಲೂಕಿನಿಂದ ಓವರ್ಸಿಯರ್ ಜೀಪಿನಲ್ಲಿ ಬಂದು, ಕೆರೆಯ ಏರಿಯನ್ನು ಈ ತುದಿಯಿಂದ ಆ ತುದಿಗೆ ನಡೆದು, ನೇರವಾಗಿ ಪಿಳ್ಳಪ್ಪನವರ ಮನೆಗೆ ಬಂದರು.

"ಏರಿ ಗಟ್ಟಿಯಾಗಿದೆ ಕಣ್ರೀ. ನಿಮಗೆ ಯಾರು ಹೇಳಿದ್ದು ಒಡೆಯುತ್ತೆ ಅಂತ?"

"ನಾನು ಹೇಳಿಲ್ಲ ಸ್ವಾಮಿ."

"ಮತ್ತೆ ಈ ದೋಣಿ?"

"ಅಳಿಯಂಗೆ," ಎಂದುಬಿಟ್ಟರು ಪಿಳ್ಳಪ್ಪನವರು. ಮೊದಲ ಸಲ ಅವರ ಬಾಯಿಂದಲೇ ಆ ಮಾತು ಬಂದಿತ್ತು. ಓವರ್ಸಿಯರ್ ದೋಣಿಯನ್ನೂ ಅವರನ್ನೂ ಬಹಳ ಹೊತ್ತು ನೋಡಿದರು. ಅವರಿಗೂ ಮಗಳಿದ್ದಳು. ತಮ್ಮ ಬೀಗರು ಬರೀ ಸೈಕಲ್ ಕೇಳಿದ್ದಾರಲ್ಲ ಎಂದು ಒಳಗೊಳಗೇ ಸಮಾಧಾನಪಟ್ಟು ಜೀಪು ಹತ್ತಿದರು.

ಈ ಗಲಾಟೆಯಲ್ಲೆಲ್ಲ ಗಂಗಲಕ್ಷ್ಮಿ ಪುಸ್ತಕ ಓದುತ್ತಿದ್ದಳು. ಅಪ್ಪನಿಗೂ ಓದಿ ಹೇಳಲು ನೋಡಿದಳು. ಪಿಳ್ಳಪ್ಪನವರು ಪ್ರತಿ ಅಧ್ಯಾಯದ ಹೆಸರು ಕೇಳುವವರೆಗೆ ಎಚ್ಚರವಾಗಿರುತ್ತಿದ್ದರು. ಅವಳು ಬೀದಿಯಲ್ಲೇ ಹಾಯಿಕಂಬ ನಿಲ್ಲಿಸಿ, ಹಾಯಿ ಏರಿಸಿ ಇಳಿಸಿ, ಗಂಟುಗಳನ್ನು ಕಣ್ಣು ಮುಚ್ಚಿ ಹಾಕಿ ಬಿಚ್ಚಿ ಕಲಿತಳು. ರುಕ್ಮಿಣಮ್ಮ ದೋಣಿಯ ಮೇಲ್ಹಾಸಿನ ಹಲಗೆಗಳ ಮೇಲೆ ಹಪ್ಪಳ ಒಣಗಿಸಿದರು. ಅಂಥ ಬಿಸಿಲು ಮನೆಯ ಅಂಗಳದಲ್ಲೂ ಬೀಳುತ್ತಿರಲಿಲ್ಲ.

ಅಷ್ಟರಲ್ಲಿ ಮುನಿರಾಮು ರಜೆಯ ಮೇಲೆ ಬಂದ. ಅಪ್ಪಯ್ಯಣ್ಣನವರು ನೆಂಟರಿಷ್ಟರನ್ನು ಕಟ್ಟಿಕೊಂಡು ವಿಜಯಪುರಕ್ಕೆ ಬಂದು, ದೋಣಿಯನ್ನು ಕೆರೆಗೆ ಇಳಿಸಿ ಓಡಿಸಿ ತೋರಿಸಬೇಕೆಂದರು.

"ಸ್ಕೂಟರ್ ಆದ್ರೂ ಒಂದು ರೌಂಡ್ ಹೊಡೆದು ನೋಡಿ ತಗೋತಾರೆ," ಎಂದರು.

ಇದ್ದಬದ್ದ ಎತ್ತುಗಳನ್ನೆಲ್ಲ ಕಟ್ಟಿ, ಮರದ ದಿಮ್ಮಿಗಳ ಮೇಲೆ ಉರುಳಿಸಿ, ದೋಣಿಯನ್ನು ಕೆರೆಗೆ ತಂದು, ತೂಬಿನ ಹತ್ತಿರದ ಆಳದ ನೀರಿಗೆ ಇಳಿಸಿದರು. ಏರಿಯ ಮೇಲೆ ಇಡೀ ಊರು ಕೂತಿತ್ತು. ಮುನಿರಾಮು ಇಸ್ತ್ರಿ ಮಾಡಿದ ಬಿಳಿ ಸಮವಸ್ತ್ರದಲ್ಲಿ ಬಂದಿದ್ದ. ಅವನ ಮುಖವೂ ಹೆಚ್ಚುಕಡಿಮೆ ಅದೇ ಬಣ್ಣಕ್ಕಿತ್ತು. ಗಂಗಲಕ್ಷ್ಮಿ ಹಾಯಿ ಏರಿಸಿ ಹಗ್ಗ ಕಟ್ಟಿಕೊಟ್ಟು, ತಾನೂ ಬರುತ್ತೇನೆಂದಳು.

"ಹೆಣ್ಮಕ್ಕಳಿಗೆ ಅಲ್ಲೇನಮ್ಮ ಕೆಲಸ," ಎಂದರು ಅಪ್ಪಯ್ಯಣ್ಣನವರು. ಅವಳು ಏರಿಯ ಮೇಲೆ ನಿಂತಳು.

ಮಾವ ಅಳಿಯ ಇಬ್ಬರೇ ಹೊರಟರು. ಗಾಳಿ ಏರಿಯ ಕಡೆಯಿಂದ ಬೀಸುತ್ತಿತ್ತು. ದೋಣಿ ತಾನಾಗಿಯೇ ಕೆರೆಯ ನಡುವಿಗೆ ಸಾಗಿತು. ಜನ ಚಪ್ಪಾಳೆ ತಟ್ಟಿದರು. ದೋಣಿಯ ಹಿಂಭಾಗದಲ್ಲಿ ಚುಕ್ಕಾಣಿಯ ಹಿಡಿಕೆ ಅನಾಥವಾಗಿ ಅಲುಗಾಡುತ್ತಿತ್ತು.

"ಹಿಡ್ಕೊಳ್ಳಿ ಅಳಿಯಂದ್ರೆ," ಎಂದರು ಪಿಳ್ಳಪ್ಪನವರು.

"ಛೆ ಛೆ, ಹಿರಿಯರು ನೀವಿರೋವಾಗ," ಎಂದ ಮುನಿರಾಮು.

"ನಿಮ್ಮ ಕಸುಬು. ನಾವು ಮುಟ್ಟಬಾರದು."

"ನಿಮ್ಮ ದೋಣಿ. ನಾನು ಹೇಗೆ ಮುಟ್ಲಿ ಮಾವ."

ಮರ್ಯಾದೆ ಹೀಗೆ ಹೋಗಿ ಬಂದು ಮಾಡುತ್ತಿರುವಾಗ ದೋಣಿ ನೀರಲ್ಲಿ ಈಜುತ್ತಿದ್ದ ಎಮ್ಮೆಗಳ ನಡುವೆ ನುಗ್ಗಿತು. ಎಮ್ಮೆಗಳು ಯಾವ ಉಪಚಾರಕ್ಕೂ ಕಾಯದೆ ದಾರಿ ಬಿಟ್ಟು ಈಜಿದವು. ಅಷ್ಟರಲ್ಲಿ ಗಾಳಿ ಒಮ್ಮೆಲೇ ತಿರುಗಿ ರಭಸವಾಗಿ ಹೊಡೆಯಿತು. ಪಿಳ್ಳಪ್ಪನವರು ಭದ್ರತೆಗೆಂದು ಹಾಯಿಯ ಹಗ್ಗವನ್ನು ಮುಂಗೈಗೆ ಸುತ್ತಿಕೊಂಡಿದ್ದರು. ದೋಣಿ ಪಕ್ಕಕ್ಕೆ ವಾಲುತ್ತಾ ವಾಲುತ್ತಾ ಮಲಗಿಯೇಬಿಟ್ಟಿತು. ಏರಿಯ ಮೇಲೆ ರುಕ್ಮಿಣಮ್ಮ ತಾಳಿ ಹಿಡಿದುಕೊಂಡರು.

"ಅಪ್ಪಾ, ಹಗ್ಗ ಬಿಡಿ! ಹಗ್ಗ ಬಿಡಿ!" ಎಂದು ಗಂಗಲಕ್ಷ್ಮಿ ಕೂಗಿದ ಕೂಗು ಆಚೆ ದಡಕ್ಕೂ ಕೇಳಿಸಿತು.

"ಯಾರದು ಗಂಡಸರ ಮೇಲೆ ಹಂಗೆ ಕೂಗೋದು?" ಎಂದರು ಅಪ್ಪಯ್ಯಣ್ಣನವರು.

"ನಿಮ್ಮ ಸೊಸೆ," ಎಂದ ಆಂಜಿನಪ್ಪ.

ಪಿಳ್ಳಪ್ಪನವರು ಹಗ್ಗ ಬಿಚ್ಚಿದರು. ಸೀಸ ತನ್ನ ಕೆಲಸ ಮಾಡಿತು. ದೋಣಿ ನೀರು ಕೊಡವಿಕೊಂಡು ನೆಟ್ಟಗೆ ನಿಂತಿತು, ಒಂದಿಷ್ಟು ದೂರ ಜಾರಿತು, ಆಮೇಲೆ ಮೆತ್ತಗೆ ಒಂದು ಸದ್ದು ಮಾಡಿ ನಿಂತೇಬಿಟ್ಟಿತು. ಕೆರೆಯ ನಡುವೆ ನೀರಿನಡಿ ಒಂದು ದಿಬ್ಬವಿತ್ತು. ಸೀಸದ ರೆಕ್ಕೆ ಅದರ ಕೆಸರಿನಲ್ಲಿ ಹೂತುಕೊಂಡಿತ್ತು.

"ಮಲಗಿಸಿ ತೋರ್ಸೋಣ ಅಂತ ಮಾಡಿದ್ದು," ಎಂದರು ಪಿಳ್ಳಪ್ಪನವರು, ಮುಂಗೈ ಉಜ್ಜಿಕೊಳ್ಳುತ್ತಾ.

ಮುನಿರಾಮು ಅಂಚಿನಿಂದಾಚೆ ಬಗ್ಗಿ, ಬೆಳಗ್ಗೆ ಅತ್ತೆಯ ಮನೆಯಲ್ಲಿ ತಿಂದ ಒಬ್ಬಟ್ಟನ್ನು ಕೆರೆಗೆ ಒಪ್ಪಿಸುತ್ತಿದ್ದ. ಮುಗಿದ ಮೇಲೆ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಮಾವ, ಒಂದು ಮಾತು. ನಾನು ಹಡಗು ಹತ್ತಿದ್ದು ಫೋಟೋಕ್ಕೂ ಇಲ್ಲ. ಅದು ಹಿಂದೆ ನಿಂತಿತ್ತು, ಅಷ್ಟೇ. ನಾನು ದಡದ ಮೇಲೆ, ಮೆಸ್ಸಲ್ಲಿ ಅಡುಗೆ ಮಾಡೋನು. ಅಪ್ಪಂಗೆ ಹೇಳೋಕೆ ಧೈರ್ಯ ಬರ್ಲಿಲ್ಲ."

ಪಿಳ್ಳಪ್ಪನವರು ಅವನನ್ನು ನೋಡಿದರು. ಇಷ್ಟು ದಿನಗಳಲ್ಲಿ ಅವರಿಗೆ ಮೊದಲ ಬಾರಿಗೆ ಮೈ ಹಗುರವೆನಿಸಿತು. "ನಾನು ಸಮುದ್ರಾನೇ ನೋಡಿಲ್ಲಪ್ಪ," ಎಂದರು.

ಇಬ್ಬರೂ ಸ್ವಲ್ಪ ಹೊತ್ತು ನೆಮ್ಮದಿಯಿಂದ ಕೂತರು.

ದಡದಲ್ಲಿ ನೆಮ್ಮದಿ ಇರಲಿಲ್ಲ. ಹಗ್ಗ ಕಟ್ಟಿ ಎತ್ತಿನಿಂದ ಎಳೆಸಿ ಎಂದರು ಒಬ್ಬರು. ತೂಬು ಎತ್ತಿ ಕೆರೆ ಖಾಲಿ ಮಾಡಿಸಿ ಎಂದರು ಇನ್ನೊಬ್ಬರು. ಗಂಗಲಕ್ಷ್ಮಿ ಯಾರನ್ನೂ ಕೇಳದೆ, ಸೀರೆ ಸೆರಗು ಸಿಕ್ಕಿಸಿ, ದಡದಲ್ಲಿದ್ದ ಮೀನು ಹಿಡಿಯುವವರ ತೆಪ್ಪದ ಮೇಲೆ ಕೂತಳು. ಬೊಂಬು ಊರಿಕೊಂಡು ಹೋಗಿ ದೋಣಿ ಹತ್ತಿದಳು. ದೊಡ್ಡ ಹಾಯಿ ಇಳಿಸಿದಳು. ಹಾಯಿಯ ಕೆಳಗಿನ ಅಡ್ಡಮರವನ್ನು ನೀರಿನ ಮೇಲಕ್ಕೆ ಚಾಚುವಂತೆ ತಿರುಗಿಸಿದಳು.

"ಇಬ್ಬರೂ ಇದರ ತುದೀಲಿ ಬೋರಲು ಮಲಗಿ."

"ಯಾಕಮ್ಮ?" ಎಂದರು ಪಿಳ್ಳಪ್ಪನವರು.

"ನಿಮ್ಮ ಭಾರಕ್ಕೆ ದೋಣಿ ವಾಲುತ್ತೆ. ವಾಲಿದ್ರೆ ಸೀಸ ಕೆಸರಿಂದ ಮೇಲೆ ಬರುತ್ತೆ. ಐದನೇ ಅಧ್ಯಾಯ. ನೀವು ಮಲಗಿದ್ರಿ."

ಹೀಗಾಗಿ ವಿಜಯಪುರದವರು ತಮ್ಮ ಊರಿನ ರೇಷ್ಮೆ ವ್ಯಾಪಾರಿಯನ್ನೂ, ಭಾರತೀಯ ನೌಕಾಪಡೆಯ ಬಿಳಿ ಸಮವಸ್ತ್ರವನ್ನೂ ಒಂದೇ ಕೋಲಿನ ಮೇಲೆ ಒಣಹಾಕಿದ ಬಟ್ಟೆಗಳಂತೆ ನೇತಾಡುತ್ತಿರುವುದನ್ನು ಕಂಡರು. ದೋಣಿ ವಾಲಿತು. ಗಂಗಲಕ್ಷ್ಮಿ ಮುಂದಿನ ಸಣ್ಣ ಹಾಯಿ ಏರಿಸಿದಳು. ಕೆಸರು ಗೊರಗೊರ ಎಂದು ದೋಣಿಯನ್ನು ಬಿಟ್ಟುಕೊಟ್ಟಿತು. ಇಬ್ಬರನ್ನೂ ಒಳಗೆ ಎಳೆದುಕೊಂಡು, ದೊಡ್ಡ ಹಾಯಿಯನ್ನು ಅರ್ಧ ಮಾತ್ರ ಬಿಚ್ಚಿ, ಅವಳು ಚುಕ್ಕಾಣಿ ಹಿಡಿದಳು.

ಗಾಳಿ ಮತ್ತೆ ಏರಿಯ ಕಡೆಯಿಂದಲೇ ಬೀಸುತ್ತಿತ್ತು. ದೋಣಿ ಓರೆಯಾಗಿ ತೋಪಿನ ಕಡೆ ಹೋಯಿತು. ತಿರುಗಿತು. ಓರೆಯಾಗಿ ಸ್ಮಶಾನದ ಕಡೆ ಹೋಯಿತು.

"ಅಯ್ಯೋ, ಕುಡಿದೋರ ಥರ ಹೋಗ್ತಾ ಇದೆ," ಎಂದಳು ಪಾಪಮ್ಮ.

"ಕುಡಿದೋರೂ ಮನೆ ಸೇರ್ತಾರೆ, ನೋಡ್ತಿರು," ಎಂದ ಆಂಜಿನಪ್ಪ.

ಪ್ರತಿ ತಿರುವಿಗೂ ದೋಣಿ ಸ್ವಲ್ಪ ಸ್ವಲ್ಪ ಹತ್ತಿರವಾಯಿತು. ಕೊನೆಗೆ ತೂಬಿನ ಕಲ್ಲಿನ ಪಕ್ಕಕ್ಕೆ, ಅದಕ್ಕೆ ತಗಲದಂತೆ, ಬಂದು ನಿಂತಿತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಅಪ್ಪಯ್ಯಣ್ಣನವರ ಮೀಸೆ ನೋಡುತ್ತಿದ್ದರು.

ಮುನಿರಾಮು ಒದ್ದೆ ಬಟ್ಟೆಯಲ್ಲೇ ಇಳಿದು ಅಪ್ಪನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ.

"ಅಡುಗೇನಾ?" ಎಂದರು ಅಪ್ಪಯ್ಯಣ್ಣನವರು. "ಮನೇಲಿ ಒಂದಿನ ನೀರು ಕಾಯಿಸ್ದೋನಲ್ಲವಲ್ಲೋ ನೀನು." ಮಗ ತಲೆ ತಗ್ಗಿಸಿದ. ಅವರು ಪಿಳ್ಳಪ್ಪನವರ ಕಡೆ ತಿರುಗಿದರು. "ನೋಡಿದ್ರಲ್ಲ. ಇನ್ನು ನಿಮ್ಮಿಷ್ಟ. ದೋಣಿ ಕೇಳೋ ಮುಖ ನನಗಿಲ್ಲ."

ಪಿಳ್ಳಪ್ಪನವರು ಬಾಯಿ ತೆರೆದರು. ರುಕ್ಮಿಣಮ್ಮ ಅವರ ಕೈ ಹಿಂಡಿದರು. ಮುಚ್ಚಿಕೊಂಡರು. ಮಾತಾಡಿದವಳು ಗಂಗಲಕ್ಷ್ಮಿ, ಅದೂ ನೇರವಾಗಿ ಹುಡುಗನ ಜೊತೆ.

"ನಿಮಗೆ ಅಡುಗೆ ಚೆನ್ನಾಗಿ ಬರುತ್ತಾ?"

"ಒಂದು ದಂಡಿಗೆ ಮಾಡೋಕೆ ಬರುತ್ತೆ," ಎಂದ ಮುನಿರಾಮು. "ಇಬ್ಬರಿಗೆ ಮಾಡಿ ಅಭ್ಯಾಸ ಇಲ್ಲ."

"ಕಲಿಬಹುದು," ಎಂದಳು ಅವಳು. "ದೋಣಿ ನಂದು. ಕೊಚ್ಚೀಗೆ ನನ್ನ ಜೊತೆ ಬರುತ್ತೆ. ನೀವು ದಡದ ಮೇಲೇ ಇರಬಹುದು."

ಶ್ರಾವಣದಲ್ಲಿ ಮದುವೆಯಾಯಿತು. ಅಡುಗೆಯನ್ನು ಮದುಮಗನೇ ಮೇಲ್ವಿಚಾರಣೆ ಮಾಡಿದ. ಅಂಥ ಹುಳಿಯನ್ನು ತಿಂದಿಲ್ಲವೆಂದು ಮೊದಲು ಹೇಳಿದವರು ಅಪ್ಪಯ್ಯಣ್ಣನವರೇ. ಲಕ್ಷ್ಮಯ್ಯ ಕಂದಾಯದ ಬಿಲ್ಲು ಹಿಡಿದು ಬಂದಾಗ ಕಟ್ಟಡ ಲಾರಿ ಹತ್ತಿ ಕೇರಳದ ದಾರಿ ಹಿಡಿದಿತ್ತು. ದೋಣಿ ಸಮುದ್ರ ಮುಟ್ಟುವುದನ್ನು ನೋಡಬೇಕೆಂದು ಪಿಳ್ಳಪ್ಪನವರ ಜೊತೆ ರಿಬೇರೊ ಕೂಡ ಊರುಗೋಲು ಹಿಡಿದು ರೈಲಿನಲ್ಲಿ ಕೊಚ್ಚಿಗೆ ಬಂದರು.

ಒಂದು ಬೆಳಗ್ಗೆ ಗಂಗಲಕ್ಷ್ಮಿ ಅಪ್ಪನನ್ನೂ ರಿಬೇರೊ ಅವರನ್ನೂ ದೋಣಿಯಲ್ಲಿ ಕೂರಿಸಿಕೊಂಡು ಹಿನ್ನೀರು ದಾಟಿ ಅಳಿವೆಯ ಬಾಯಿಗೆ ತಂದಳು. ದಡದಲ್ಲಿ ಮುನಿರಾಮು ಬುತ್ತಿ ಕಟ್ಟಿಕೊಟ್ಟು ಕೈ ಬೀಸುತ್ತಿದ್ದ. ಮುದುಕರು ದೋಣಿಯ ಅಂಚಿನಿಂದ ಕೈ ಇಳಿಬಿಟ್ಟು, ಉಪ್ಪುನೀರಲ್ಲಿ ಬೆರಳಾಡಿಸುತ್ತಾ ಕೂತಿದ್ದರು.

ಪಿಳ್ಳಪ್ಪನವರು ಎದ್ದು ನಿಂತು ಹಾಯಿಕಂಬ ತಬ್ಬಿಕೊಂಡರು. ಬಲಕ್ಕೆ ನೋಡಿದರು. ಎಡಕ್ಕೆ ನೋಡಿದರು. ಎದುರಿಗೆ, ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿದರು.

"ಗಂಗಾ," ಎಂದು ಮೆಲ್ಲಗೆ ಕೇಳಿದರು. "ಇದಕ್ಕೆ ಏರಿ ಎಲ್ಲಮ್ಮ ಇದೆ?"

ಅವಳು ದೊಡ್ಡ ಹಾಯಿಯ ಹಗ್ಗ ಬಿಗಿದಳು.

"ಕೂತ್ಕೊಳ್ಳಿ ಅಪ್ಪ," ಎಂದಳು. "ಹುಡುಕೋಣ."